4 ಚದರ ಸೆಂಟಿಮೀಟರ್ ಚರ್ಮದಿಂದ ಒಂದು ಮೈ: ಬೋಖುಮ್ ಹುಡುಗನ ಪ್ರಕರಣ

2015ರ ಜೂನ್ ತಿಂಗಳು. ಜರ್ಮನಿಯ ಬೋಖುಮ್ ನಗರದ ಮಕ್ಕಳ ಆಸ್ಪತ್ರೆಗೆ 7 ವರ್ಷದ ಹುಡುಗನೊಬ್ಬನನ್ನು ಕರೆತಂದರು. ಸೇರಿಸಿಕೊಂಡದ್ದು ಸುಟ್ಟಗಾಯದ ವಾರ್ಡಿಗೆ. ಅವನಿಗೆ ಬೆಂಕಿ ತಗುಲಿರಲಿಲ್ಲ. ಆದರೆ ಅವನ ಮೈ ನೋಡಿದ ಯಾರಿಗೂ ಬೇರೆ ವಾರ್ಡಿನ ಯೋಚನೆ ಬರುವಂತಿರಲಿಲ್ಲ. ಬಂದು ಸ್ವಲ್ಪ ದಿನಕ್ಕೇ ಮೈಯ ಸುಮಾರು 60% ಭಾಗದಲ್ಲಿ ಚರ್ಮದ ಮೇಲ್ಪದರ ಪೂರ್ತಿ ಕಳಚಿ ಹೋಯಿತು. ಜ್ವರವಿತ್ತು. ತೂಕ ಬರೀ 17 ಕೆ.ಜಿ.

ಹುಡುಗನ ಹೆಸರು ಇಲ್ಲಿ ಬೇಡ. ಯುದ್ಧದಿಂದ ತಪ್ಪಿಸಿಕೊಂಡು ಜರ್ಮನಿಗೆ ಬಂದ ಕುಟುಂಬದ ಮಗು ಅಂದರೆ ಸಾಕು. ಚಿಕಿತ್ಸೆ ಮಾಡಿದವರು ಇದನ್ನು 2017ರ ನವೆಂಬರ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತಾವೇ ಬರೆದು ಪ್ರಕಟಿಸಿದ್ದಾರೆ. ಹಾಗಾಗಿ ಅವರ ಹೆಸರುಗಳನ್ನು ಹೇಳುತ್ತೇನೆ.

‘ಲ್ಯಾಬಿನಲ್ಲಿ ಚರ್ಮ ಬೆಳೆಸ್ತಾರಂತೆ, ಕೂದಲೂ ಬೆಳೆಸ್ತಾರಂತೆ, ನಿಜಾನಾ?’ ಎಂದು ಕೇಳುವವರು ಬಹಳ ಜನ. ಈ ಒಂದು ಪ್ರಕರಣವನ್ನು ನಿಧಾನವಾಗಿ ಓದಿದರೆ ಎರಡಕ್ಕೂ ಉತ್ತರ ಸಿಗುತ್ತದೆ. ಒಂದಕ್ಕೆ ಹೌದು. ಇನ್ನೊಂದಕ್ಕೆ ಇನ್ನೂ ಇಲ್ಲ.

ಅಂಟು ಇಲ್ಲದ ಚರ್ಮ

ನಮ್ಮ ಚರ್ಮಕ್ಕೆ ಎರಡು ಮುಖ್ಯ ಪದರಗಳಿವೆ. ಮೇಲಿನದು ತೆಳು. ಅದು ಸತತವಾಗಿ ಸವೆಯುತ್ತದೆ, ಹೆಚ್ಚುಕಡಿಮೆ ತಿಂಗಳಿಗೊಮ್ಮೆ ಹೊಸದಾಗುತ್ತದೆ. ಕೆಳಗಿನದು ದಪ್ಪ. ರಕ್ತನಾಳ, ನರ, ಬೆವರಿನ ಗ್ರಂಥಿ, ಕೂದಲ ಬುಡ ಎಲ್ಲ ಇಳಿದು ಕೂತಿರುವುದು ಅಲ್ಲಿ. ಈ ಎರಡು ಪದರಗಳನ್ನು ಹಿಡಿದಿಡುವ ಪ್ರೋಟೀನುಗಳಲ್ಲಿ ಲ್ಯಾಮಿನಿನ್-332 ಬಹಳ ಮುಖ್ಯವಾದದ್ದು. ಮೂರು ಎಳೆ ಸೇರಿಸಿ ಹೆಣೆದ ಹುರಿಯಂತೆ ಅದು. ಒಂದು ಎಳೆಯನ್ನು ಹೇಗೆ ಮಾಡಬೇಕು ಎಂಬ ಸೂಚನೆ ಲ್ಯಾಂಬ್3 ಎಂಬ ಜೀನಿನಲ್ಲಿರುತ್ತದೆ. ಈ ಹುಡುಗನಿಗೆ ಅಪ್ಪನಿಂದ ಬಂದ ಪ್ರತಿಯಲ್ಲೂ ಅಮ್ಮನಿಂದ ಬಂದ ಪ್ರತಿಯಲ್ಲೂ ಒಂದೇ ಜಾಗದಲ್ಲಿ ತಪ್ಪಿತ್ತು. ಹುರಿ ಸರಿಯಾಗಿ ಹೆಣೆಯಲಿಲ್ಲ. ಹುಟ್ಟಿದಾಗಿನಿಂದ ಕೈಕಾಲು, ಬೆನ್ನು, ಪಕ್ಕೆಗಳಲ್ಲಿ ಗುಳ್ಳೆ ಏಳುತ್ತಲೇ ಇತ್ತು. ಸುಮ್ನೆ ಎತ್ತಿಕೊಂಡರೂ ಬಟ್ಟೆ ಉಜ್ಜಿದರೂ ಚರ್ಮ ಸುಲಿಯುವ ಕಾಯಿಲೆ ಇದು.

ಇದರ ಹೆಸರು ಜಂಕ್ಷನಲ್ ಎಪಿಡರ್ಮೋಲಿಸಿಸ್ ಬುಲೋಸಾ. ಹೀಗೆ ಹುಟ್ಟಿದವರಲ್ಲಿ 40%ಗಿಂತ ಹೆಚ್ಚು ಮಕ್ಕಳು ಹದಿಹರೆಯ ಮುಟ್ಟುವ ಮೊದಲೇ ತೀರಿಕೊಳ್ಳುತ್ತಾರೆ. ನಮಗೂ ಇದು ದೂರದ ಮಾತಲ್ಲ. ಇಂಥ ಕಾಯಿಲೆ ಬರಲು ಅಪ್ಪ ಅಮ್ಮ ಇಬ್ಬರಲ್ಲೂ ಅದೇ ಜೀನಿನ ತಪ್ಪು ಅಡಗಿರಬೇಕು. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ರೂಢಿ ಕರ್ನಾಟಕದಲ್ಲಿ ಇನ್ನೂ ಇದೆ. ರಕ್ತಸಂಬಂಧದ ಮದುವೆಗಳಲ್ಲಿ ಆ ಸಾಧ್ಯತೆ ಜಾಸ್ತಿ. ಯಾರ ಮನೆಯನ್ನೂ ದೂರಲು ಇದನ್ನು ಹೇಳುತ್ತಿಲ್ಲ. ಮೊದಲ ಮಗುವಿಗೆ ಇಂಥದ್ದೇನಾದರೂ ಕಂಡರೆ, ಎರಡನೆಯದಕ್ಕೆ ಮುಂಚೆ ಜೀನ್ ಸಲಹೆ ತೆಗೆದುಕೊಳ್ಳುವುದು ಒಳ್ಳೆಯದು.

ಕೈಗೆ ಸಿಕ್ಕಿದ್ದೆಲ್ಲ ಮಾಡಿ ನೋಡಿದರು

ಆಸ್ಪತ್ರೆಗೆ ಬರುವ ಆರು ವಾರ ಮೊದಲು ಎರಡು ಬ್ಯಾಕ್ಟೀರಿಯಾಗಳ ಸೋಂಕು ತಗುಲಿತ್ತು. ಸ್ಟ್ಯಾಫಿಲೋಕಾಕಸ್ ಔರಿಯಸ್ ಒಂದು, ಸ್ಯೂಡೋಮೊನಾಸ್ ಇನ್ನೊಂದು. ಮೇಲ್ಪದರವೇ ಇಲ್ಲದ ಮೈಗೆ ಇವು ಹೊಕ್ಕರೆ ಹೊರಹಾಕುವುದು ಬಹಳ ಕಷ್ಟ. ಆಂಟಿಬಯೋಟಿಕ್ ಕೊಟ್ಟರು. ಸೋಂಕುನಾಶಕ ಹಾಕಿದ ನೀರಿನಲ್ಲಿ ಸ್ನಾನ ಮಾಡಿಸಿದರು. ಕೊಳವೆಯಿಂದ ಆಹಾರ ಕೊಟ್ಟರು. ಗಾಯ ಮುಚ್ಚುವ ಕೃತಕ ಹೊದಿಕೆಗಳನ್ನೂ ಹಾಕಿ ನೋಡಿದರು. ಯಾವುದೂ ನಿಲ್ಲಲಿಲ್ಲ.

ಆಮೇಲೆ ಅಪ್ಪನ ಚರ್ಮ. ತಂದೆಯ ಮೈಯಿಂದ ತೆಳುವಾಗಿ ಚರ್ಮ ತೆಗೆದು ಮಗನಿಗೆ ಕಸಿ ಮಾಡಿದರು. ಮೊದಲು ಹತ್ತಿಕೊಂಡಂತೆಯೇ ಕಂಡಿತು. ಎರಡು ವಾರ ಆಗುವಷ್ಟರಲ್ಲಿ ಎಲ್ಲ ಕಳಚಿ ಬಿತ್ತು. ಚರ್ಮದ ವಿಷಯದಲ್ಲಿ ದೇಹ ಬಹಳ ಕಟ್ಟುನಿಟ್ಟು. ಹೆತ್ತ ಅಪ್ಪನದಾದರೂ ಅದಕ್ಕೆ ಪರಕೀಯವೇ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿರುವಂಥ ಸ್ಕಿನ್ ಬ್ಯಾಂಕುಗಳು ದಾನಿಗಳ ಚರ್ಮ ಕೊಡುವುದೂ ಇದೇ ಲೆಕ್ಕದಲ್ಲಿ. ಆ ಚರ್ಮ ಕೆಲವು ವಾರ ಗಾಯ ಮುಚ್ಚಿ ಜೀವ ಉಳಿಸುತ್ತದೆ, ಅಷ್ಟರಲ್ಲಿ ರೋಗಿಯ ಸ್ವಂತ ಚರ್ಮ ಬೆಳೆಯಬೇಕು. ಸುಟ್ಟಗಾಯದವರಿಗೆ ಆ ಕೆಲವು ವಾರಗಳು ಅಮೂಲ್ಯ. ಆದರೆ ಈ ಹುಡುಗನ ಸ್ವಂತ ಚರ್ಮವೇ ನಿಲ್ಲದ ಚರ್ಮ. ಕಾಯುವುದಾದರೂ ಯಾವುದಕ್ಕೆ?

ಇನ್ನು ನೋವು ಕಡಿಮೆ ಮಾಡುವುದಷ್ಟೇ ಉಳಿದಿದೆ ಎಂಬ ತೀರ್ಮಾನಕ್ಕೆ ಡಾಕ್ಟರುಗಳು ಬಂದರು. ಈ ಇಡೀ ಪ್ರಕರಣದ ದೊಡ್ಡ ತಿರುವು ಇಲ್ಲೇ ಇದೆ ಎಂದು ನನಗೆ ಅನ್ನಿಸುತ್ತದೆ. ತಂದೆತಾಯಿ ಒಪ್ಪಲಿಲ್ಲ. ಪ್ರಯೋಗದ ಹಂತದಲ್ಲಿ ಇದ್ದರೂ ಪರವಾಗಿಲ್ಲ, ಬೇರೆ ಏನಾದರೂ ಇದೆಯಾ ಎಂದು ಕೇಳಿದರು. ಸರ್ಜನ್ ಟೋಬಿಯಾಸ್ ಹಿರ್ಷ್ ಮತ್ತು ಜೊತೆಯವರು ಪ್ರಕಟವಾದ ಕೆಲಸಗಳನ್ನು ಹುಡುಕುತ್ತ ಹೋಗಿ ಇಟಲಿಯ ಮೊದೇನಾ ವಿಶ್ವವಿದ್ಯಾಲಯದ ಮಿಕೇಲೆ ದೆ ಲೂಕಾ ಅವರನ್ನು ಸಂಪರ್ಕಿಸಿದರು.

ಮೊದೇನಾದ ಹಿಂದೆ ನಾಲ್ಕು ದಶಕ

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. 1975ರಲ್ಲಿ ಅಮೆರಿಕದ ಜೇಮ್ಸ್ ರೈನ್‌ವಾಲ್ಡ್ ಮತ್ತು ಹೊವಾರ್ಡ್ ಗ್ರೀನ್ ಮನುಷ್ಯನ ಚರ್ಮದ ಮೇಲ್ಪದರದ ಕೋಶಗಳನ್ನು ಲ್ಯಾಬಿನಲ್ಲಿ ಬೆಳೆಸುವ ದಾರಿ ಕಂಡುಕೊಂಡರು. ಆವರೆಗೆ ಈ ಕೋಶಗಳು ಲ್ಯಾಬಿನ ಬಟ್ಟಲಿನಲ್ಲಿ ಹೆಚ್ಚು ದಿನ ಬಾಳುತ್ತಿರಲಿಲ್ಲ. ಇಲಿಯ 3ಟಿ3 ಎಂಬ ಕೋಶಗಳಿಗೆ ವಿಕಿರಣ ಹಾಯಿಸಿ, ಅವು ಮತ್ತೆ ಹೆಚ್ಚದಂತೆ ಮಾಡಿ, ಕೆಳಗೆ ಹಾಸಿಗೆಯಂತೆ ಹರಡಿದರು. ಅದರ ಮೇಲೆ ಮನುಷ್ಯನ ಕೋಶಗಳು ಗುಂಪುಗುಂಪಾಗಿ ಬೆಳೆದವು. ಗುಂಪುಗಳು ಕೂಡಿಕೊಂಡು ಹಾಳೆಯಾದವು. ವಿಶೇಷ ಏನೆಂದರೆ ಅವರು ಚರ್ಮವನ್ನು ಹುಡುಕಿ ಹೊರಟವರೇ ಅಲ್ಲ. ಇಲಿಯ ಒಂದು ಬಗೆಯ ಗೆಡ್ಡೆಯನ್ನು ಅಭ್ಯಾಸ ಮಾಡುತ್ತಿದ್ದಾಗ ಅದರಲ್ಲಿ ಚರ್ಮದ ಕೋಶಗಳ ಗುಂಪು ಕಣ್ಣಿಗೆ ಬಿತ್ತು.

ಮೈಯ 95%ಗಿಂತ ಹೆಚ್ಚು ಸುಟ್ಟಿದ್ದ ಇಬ್ಬರು ಮಕ್ಕಳನ್ನು ಇದೇ ಹಾಳೆಗಳಿಂದ ಉಳಿಸಿದ ಸುದ್ದಿ 1984ರಲ್ಲಿ ಪ್ರಕಟವಾಯಿತು. ದೆ ಲೂಕಾ ಈ ವಿದ್ಯೆ ಕಲಿತದ್ದು ಗ್ರೀನ್ ಅವರ ಬಳಿ. ಆಮೇಲೆ ತಮ್ಮದೊಂದು ಹೆಜ್ಜೆ ಸೇರಿಸಿದರು: ಕೋಶ ಬೆಳೆಸುವಾಗಲೇ ಅದಕ್ಕೆ ಸರಿಯಾದ ಜೀನ್ ಹಾಕುವುದು. ಅವರ ತಂಡ ಇದೇ ಕಾಯಿಲೆಯ ಒಬ್ಬ ವಯಸ್ಕನ ತೊಡೆಗಳಿಗೆ ಹಾಗೆ ತಿದ್ದಿದ ಚರ್ಮ ಕಸಿ ಮಾಡಿ 2006ರಲ್ಲಿ ಪ್ರಕಟಿಸಿತ್ತು. ಆ ಚರ್ಮ ಗಟ್ಟಿಯಾಗಿ ನಿಂತಿತ್ತು. ಆದರೆ ಅದು ತೊಡೆಯ ಮೇಲಿನ ಸಣ್ಣ ಜಾಗ. ಈಗ ಕೇಳುತ್ತಿದ್ದದ್ದು ಹೆಚ್ಚುಕಡಿಮೆ ಇಡೀ ಮೈಯನ್ನು.

ಅಪಾಯದ ತೂಕ

ಕೋಶದೊಳಗೆ ಜೀನ್ ಸಾಗಿಸಲು ಅವರು ಬಳಸಿದ್ದು ರೋಗ ಹರಡದಂತೆ ಮಾಡಿದ ರೆಟ್ರೋವೈರಸ್. ಅದು ಹೊತ್ತು ತಂದ ಜೀನನ್ನು ನಮ್ಮ ಡಿಎನ್ಎ ಒಳಗೇ ಸೇರಿಸುತ್ತದೆ. ಆದರೆ ಯಾವ ಜಾಗದಲ್ಲಿ ಸೇರಿಸುತ್ತದೆ ಎಂಬುದು ನಮ್ಮ ಕೈಯಲ್ಲಿಲ್ಲ. ಕ್ಯಾನ್ಸರಿಗೆ ಸಂಬಂಧಿಸಿದ ಜೀನಿನ ಪಕ್ಕದಲ್ಲಿ ಕೂತರೆ ತೊಂದರೆ. ಈ ಭಯ ಸುಮ್ನೆ ಬಂದದ್ದಲ್ಲ. ಹುಟ್ಟಿನಿಂದಲೇ ರೋಗನಿರೋಧಕ ಶಕ್ತಿ ಇಲ್ಲದ ಮಕ್ಕಳಿಗೆ ಫ್ರಾನ್ಸಿನಲ್ಲಿ ಇದೇ ಬಗೆಯ ವೈರಸ್ ಬಳಸಿ ಚಿಕಿತ್ಸೆ ಕೊಟ್ಟಿದ್ದಾಗ, ಕೆಲವರಿಗೆ ರಕ್ತದ ಕ್ಯಾನ್ಸರ್ ಬಂದಿತ್ತು.

ಈ ಕಡೆ ತಕ್ಕಡಿಯಲ್ಲಿ ಏನಿತ್ತು? ವಾರಗಳ ಲೆಕ್ಕದಲ್ಲಿ ಬದುಕಿರುವ ಮಗು. ತಂದೆತಾಯಿಯ ತಿಳಿದು ಕೊಟ್ಟ ಒಪ್ಪಿಗೆ. ಬೋಖುಮ್‌ನ ರೂರ್ ವಿಶ್ವವಿದ್ಯಾಲಯದ ನೈತಿಕ ಸಮಿತಿ ಮತ್ತು ಅಲ್ಲಿನ ಸರ್ಕಾರಿ ಅಧಿಕಾರಿಗಳು, ಬೇರೆ ದಾರಿ ಇಲ್ಲದ ರೋಗಿಗೆ ಕೊಡುವ ವಿಶೇಷ ಅನುಮತಿ ಕೊಟ್ಟರು. ಇದು ಸರಿಯಾದ ನಿರ್ಧಾರ ಎಂದೇ ನನ್ನ ಅಭಿಪ್ರಾಯ. ಫಲಿತಾಂಶ ಚೆನ್ನಾಗಿ ಬಂತು ಎಂಬ ಕಾರಣಕ್ಕೆ ಹೀಗೆ ಹೇಳುತ್ತಿಲ್ಲ. ಹುಡುಗ ಉಳಿಯದೆ ಹೋಗಿದ್ದರೂ, ಅಂದು ಅವರ ಮುಂದಿದ್ದ ವಿಷಯಗಳನ್ನು ನೋಡಿದರೆ ಇದೇ ಸರಿ. ಇನ್ನೊಂದು ಮಾತೂ ಇದೆ. ಈ ಕಾಯಿಲೆಯಲ್ಲಿ ಮತ್ತೆ ಮತ್ತೆ ಗಾಯವಾಗುವ ಚರ್ಮಕ್ಕೆ ತನ್ನಷ್ಟಕ್ಕೆ ಕ್ಯಾನ್ಸರ್ ಬರುವ ಅಪಾಯ ಇದ್ದೇ ಇದೆ. ಏನೂ ಮಾಡದೆ ಕೂರುವುದೂ ಅಪಾಯವೇ, ಅಲ್ವಾ?

ಹಾಳೆಗಳು

ಹುಡುಗನ ಎಡ ತೊಡೆಸಂದಿಯಲ್ಲಿ ಆಗ ಗುಳ್ಳೆ ಇಲ್ಲದ ಒಂದು ಜಾಗ ಉಳಿದಿತ್ತು. ಅಲ್ಲಿಂದ 4 ಚದರ ಸೆಂಟಿಮೀಟರ್ ಚರ್ಮ ತೆಗೆದರು. ಸಣ್ಣ ಅಂಚೆ ಚೀಟಿಯಷ್ಟು. ಮೊದೇನಾದಲ್ಲಿ ಅದರ ಕೋಶಗಳನ್ನು ಬಿಡಿಸಿ, ಬೆಳೆಸಿ, ವೈರಸ್ ಮೂಲಕ ಸರಿಯಾದ ಲ್ಯಾಂಬ್3 ಜೀನ್ ಸೇರಿಸಿ, ಮತ್ತೆ ಬೆಳೆಸಿದರು. ಕೊನೆಗೆ ಕೈಗೆ ಬಂದದ್ದು ಒಟ್ಟು 0.85 ಚದರ ಮೀಟರ್ ಹಾಳೆ. ತೆಗೆದ ಚೂರಿನ ಎರಡು ಸಾವಿರ ಪಟ್ಟು ದಾಟಿತ್ತು.

ಹಾಳೆಯನ್ನು ಯಾವುದರ ಮೇಲೆ ಬೆಳೆಸಬೇಕು ಎಂಬುದು ಸಣ್ಣ ವಿಷಯದಂತೆ ಕಾಣುತ್ತದೆ. ಕಸಿ ಮಾಡುವ ಕೈಗೆ ಅದು ಸಣ್ಣದಲ್ಲ. ಕೆಲವೇ ಕೋಶಗಳಷ್ಟು ದಪ್ಪದ ಹಾಳೆ ಒದ್ದೆ ಕಾಗದಕ್ಕಿಂತಲೂ ಬೇಗ ಹರಿಯುತ್ತದೆ, ಮುದುಡುತ್ತದೆ. ಹಳೆಯ ರೀತಿಯಲ್ಲಿ ಪ್ಲಾಸ್ಟಿಕ್ ಮೇಲೆ ಬೆಳೆಸಿ ಬಿಡಿಸಿ ತೆಗೆಯುತ್ತಿದ್ದರು. ಇನ್ನೊಂದು ರೀತಿ ಫೈಬ್ರಿನ್ ಮೇಲೆ ಬೆಳೆಸುವುದು. ಗಾಯವಾದಾಗ ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್ ಅದು. ಹಾಳೆಯನ್ನು ಅದರ ಸಮೇತ ಎತ್ತಿ ಇಡಬಹುದು, ಫೈಬ್ರಿನ್ ಆಮೇಲೆ ತಾನೇ ಕರಗುತ್ತದೆ. ಎಡಗೈಯಲ್ಲಿ ಎರಡೂ ಬಗೆಯನ್ನು ಇಟ್ಟು ಹೋಲಿಸಿದರು. ಎರಡೂ ಅಷ್ಟೇ ಚೆನ್ನಾಗಿ ಹತ್ತಿಕೊಂಡವು. ಕೈಗೆ ಸುಲಭ ಅನ್ನಿಸಿದ್ದು ಫೈಬ್ರಿನ್. ಮುಂದಿನದೆಲ್ಲ ಅದರಲ್ಲೇ ನಡೆಯಿತು. ಸಾವಿನ ಅಂಚಿನಲ್ಲಿರುವ ರೋಗಿಯ ಮೇಲೂ ಮೊದಲು ಒಂದು ಕೈಯಲ್ಲಿ ನೋಡಿ, ಕಲಿತು, ಆಮೇಲೆ ಮುಂದೆ ಹೋದರಲ್ಲ, ಆ ತಾಳ್ಮೆ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

2015ರ ಅಕ್ಟೋಬರ್ ಮತ್ತು ನವೆಂಬರ್‌ನಲ್ಲಿ ಕೈಕಾಲು, ಪಕ್ಕೆ, ಇಡೀ ಬೆನ್ನು ಮುಚ್ಚಿದರು. ಉಳಿದ ಕೆಲವು ಜಾಗಗಳನ್ನು 2016ರ ಜನವರಿಯಲ್ಲಿ. ಎಲ್ಲ ಸೇರಿ ಮೈಯ ಸುಮಾರು 80%. ಹಾಳೆಗಳು ಇಟಲಿಯಿಂದ ಜರ್ಮನಿಗೆ ಜೀವಂತವಾಗಿ ಬರಬೇಕಿತ್ತು. ಹಾಳೆ ಹಣ್ಣಾಗುವ ದಿನಕ್ಕೆ ಆಪರೇಷನ್ ಥಿಯೇಟರ್ ಸಿದ್ಧವಿರಬೇಕಿತ್ತು, ಹುಡುಗ ಅಷ್ಟು ಹೊತ್ತು ತಡೆದುಕೊಳ್ಳುವ ಸ್ಥಿತಿಯಲ್ಲಿರಬೇಕಿತ್ತು. ಈ ಎಲ್ಲದರ ಮೊದಲ ಬೀಜ ಹಾಕಿದ ಹೊವಾರ್ಡ್ ಗ್ರೀನ್ ತೀರಿಕೊಂಡದ್ದು 2015ರ ಅಕ್ಟೋಬರ್ 31ರಂದು. ಅವರ 40 ವರ್ಷದ ಹಿಂದಿನ ಕೆಲಸ ಬೋಖುಮ್‌ನಲ್ಲಿ ಒಂದು ಮಗುವಿನ ಮೈ ಮುಚ್ಚುತ್ತಿದ್ದ ದಿನಗಳವು.

ನಂತರ

2016ರ ಫೆಬ್ರವರಿಯಲ್ಲಿ ಹುಡುಗ ಮನೆಗೆ ಹೋದ. ಶಾಲೆಗೆ ಸೇರಿದ. ಆಟ ಆಡಿದ. 21 ತಿಂಗಳವರೆಗೆ ನಡೆಸಿದ ಪರೀಕ್ಷೆಗಳಲ್ಲಿ ಹೊಸ ಚರ್ಮ ಕೆಳಪದರಕ್ಕೆ ಗಟ್ಟಿಯಾಗಿ ಅಂಟಿತ್ತು. ಬೇಕೆಂದೇ ಉಜ್ಜಿ ನೋಡಿದರೂ ಗುಳ್ಳೆ ಏಳಲಿಲ್ಲ. ಪರೀಕ್ಷೆಗೆಂದು ಚೂರು ತೆಗೆದ ಜಾಗಗಳು ಎಲ್ಲರಿಗೂ ಮಾಯುವ ಹಾಗೆಯೇ ಮಾಯ್ದವು. 5 ವರ್ಷದ ನಂತರದ ವರದಿ 2021ರ ಕೊನೆಯಲ್ಲಿ ಬಂತು. ಚರ್ಮ ಹಾಗೆಯೇ ಗಟ್ಟಿಯಾಗಿತ್ತು. ಭಯಪಟ್ಟಿದ್ದ ಕ್ಯಾನ್ಸರ್ ಕಂಡಿರಲಿಲ್ಲ.

ಇದರಿಂದ ಕಲಿತದ್ದರಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಬಿತ್ತನೆ ಕಾಳಿನ ವಿಷಯ. ವೈರಸ್ ಪ್ರತಿ ಕೋಶದಲ್ಲೂ ಡಿಎನ್ಎಯ ಬೇರೆ ಬೇರೆ ಜಾಗದಲ್ಲಿ ಕೂರುತ್ತದೆ ಎಂದೆನಲ್ಲ, ಅಪಾಯ ಎಂದು ಹೆದರಿದ್ದ ಆ ಗುಣವೇ ಇಲ್ಲಿ ಉಪಕಾರಕ್ಕೆ ಬಂತು. ಒಂದೊಂದು ಕೋಶಕ್ಕೂ ಒಂದೊಂದು ಗುರುತಿನ ನಂಬರ್ ಹಚ್ಚಿದ ಹಾಗಾಯಿತು. ಕೋಶ ಒಡೆದು ಮಕ್ಕಳು ಮೊಮ್ಮಕ್ಕಳಾದರೂ ಆ ನಂಬರ್ ಉಳಿಯುತ್ತದೆ. ಕಸಿಗೆ ಮುಂಚೆ ಹಾಳೆಯಲ್ಲಿ ಬಹಳಷ್ಟು ನಂಬರುಗಳಿದ್ದವು. ತಿಂಗಳುಗಳು ಕಳೆದಂತೆ ಹುಡುಗನ ಚರ್ಮದ ಚೂರುಗಳಲ್ಲಿ ನಂಬರುಗಳ ಸಂಖ್ಯೆ ಕುಸಿಯಿತು. ಮೈಯ ಚರ್ಮವನ್ನೆಲ್ಲ ಕೆಲವೇ ವಂಶಗಳು ಹೊತ್ತು ನಿಂತಿದ್ದವು.

ಕಣಜದಲ್ಲಿರುವ ರಾಗಿಯನ್ನು ನೋಡಿದರೆ ಎಲ್ಲ ಒಂದೇ. ಆದರೆ ಮುಂದಿನ ವರ್ಷದ ಬೆಳೆ ಬರುವುದು ಬೀಜಕ್ಕೆಂದು ಎತ್ತಿಟ್ಟ ಸ್ವಲ್ಪದರಿಂದ. ಚರ್ಮದ ಕೋಶಗಳೂ ಹಾಗೇ. ಹೆಚ್ಚಿನವು ಕೆಲವು ಸಲ ಒಡೆದು ಮುಗಿದು ಹೋಗುತ್ತವೆ. ಹೋಲೋಕ್ಲೋನ್ ಎಂದು ಕರೆಯುವ ಗುಂಪುಗಳನ್ನು ಕೊಡುವ ಸ್ಟೆಮ್ ಸೆಲ್‌ಗಳು ಮಾತ್ರ ವರ್ಷಗಟ್ಟಲೆ ಹೊಸ ಕೋಶ ಕೊಡುತ್ತಲೇ ಇರುತ್ತವೆ. ಇವನ್ನು ಬೇರೆಯಾಗಿ ಗುರುತಿಸಿ ಹೆಸರಿಟ್ಟದ್ದು 1987ರಲ್ಲಿ, ಯಾನ್ ಬಾರಾಂಡೋನ್ ಮತ್ತು ಅದೇ ಗ್ರೀನ್. ಅಂದಮೇಲೆ ಲ್ಯಾಬಿನ ಹಾಳೆ ಎಷ್ಟು ದೊಡ್ಡದು, ಎಷ್ಟು ಬೇಗ ಬೆಳೆಯಿತು ಎಂದು ಕೇಳುವುದು ಸಾಲದು. ಅದರಲ್ಲಿ ಬೀಜ ಎಷ್ಟಿದೆ ಎಂದು ಕೇಳಬೇಕು. ಹುಡುಗನಿಂದ ತೆಗೆದ ಚೂರಿನಲ್ಲಿ ಬೀಜ ಉಳಿದಿತ್ತು. ಲ್ಯಾಬಿನವರು ಅದನ್ನು ಬೆಳೆಸುವಾಗ ಕಳೆದುಕೊಳ್ಳಲಿಲ್ಲ. ಇದಕ್ಕೆ ಜಾಣ್ಮೆಯಷ್ಟೇ ವರ್ಷಗಳ ಅನುಭವವೂ ಬೇಕು.

ಇನ್ನೊಂದು ಕಾರಣವನ್ನು ಮರೆತರೆ ತಪ್ಪು ಪಾಠ ಕಲಿತಂತೆ. ಈ ಕಾಯಿಲೆಯಲ್ಲಿ ಕಳಚುವುದು ಮೇಲ್ಪದರ. ಕೆಳಗಿನ ದಪ್ಪ ಪದರ ಉಳಿದಿರುತ್ತದೆ. ಹಾಳೆ ಹೋಗಿ ಕೂತದ್ದು ರಕ್ತ ಹರಿಯುವ ಆ ನೆಲದ ಮೇಲೆ. ಆಳವಾದ ಸುಟ್ಟಗಾಯದಲ್ಲಿ ಆ ನೆಲವೂ ಬೆಂದು ಹೋಗಿರುತ್ತದೆ. ಅಲ್ಲಿ ಬರೀ ಮೇಲ್ಪದರದ ಹಾಳೆ ಇಷ್ಟು ಚೆನ್ನಾಗಿ ನಿಲ್ಲುವುದಿಲ್ಲ.

ಕೂದಲಿನ ಮಾತು

ಹಾಗಾದರೆ ಆ ಹಾಳೆಗಳಲ್ಲಿ ಕೂದಲಿತ್ತೇ? ಇರಲಿಲ್ಲ. ಬೆವರಿನ ಗ್ರಂಥಿಯೂ ಇರಲಿಲ್ಲ. ಕೂದಲ ಬುಡ ಹುಟ್ಟುವುದು ಎರಡು ಪದರಗಳು ಒಂದಕ್ಕೊಂದು ಸಂದೇಶ ಕೊಟ್ಟುಕೊಂಡಾಗ, ಅದೂ ತಾಯಿಯ ಹೊಟ್ಟೆಯಲ್ಲಿರುವಾಗ. ಹಾಳೆಯಲ್ಲಿ ಇರುವುದು ಮೇಲ್ಪದರ ಮಾತ್ರ. ಮಾತಾಡಲು ಜೊತೆಯೇ ಇಲ್ಲ.

ಆ ಜೊತೆಯ ಕೋಶಗಳನ್ನು, ಅಂದರೆ ಕೂದಲ ಬುಡದ ಡರ್ಮಲ್ ಪ್ಯಾಪಿಲಾ ಕೋಶಗಳನ್ನು, ಬಟ್ಟಲಿನಲ್ಲಿ ಚಪ್ಪಟೆಯಾಗಿ ಬೆಳೆಸಿದರೆ ಕೂದಲು ಹುಟ್ಟಿಸುವ ಗುಣವನ್ನೇ ಮರೆತುಬಿಡುತ್ತವೆ. 2013ರಲ್ಲಿ ಕಾಲಿನ್ ಜಹೋಡಾ ಮತ್ತು ಆಂಜೆಲಾ ಕ್ರಿಸ್ಟಿಯಾನೋ ತಂಡದವರು ಅವನ್ನು ತೂಗುವ ಹನಿಗಳಲ್ಲಿ ಉಂಡೆಯಾಗಿ ಬೆಳೆಸಿದರು. ಮರೆತದ್ದು ಸ್ವಲ್ಪ ಮಟ್ಟಿಗೆ ನೆನಪಿಗೆ ಬಂತು. 2020ರಲ್ಲಿ ಕಾರ್ಲ್ ಕೋಲರ್ ತಂಡ ಇನ್ನೂ ಮುಂದೆ ಹೋಯಿತು. ದೇಹದ ಯಾವ ಕೋಶವಾದರೂ ಆಗಬಲ್ಲ ಸ್ಟೆಮ್ ಸೆಲ್‌ಗಳಿಂದ, ನಾಲ್ಕೈದು ತಿಂಗಳಲ್ಲಿ, ಎರಡೂ ಪದರ ಇರುವ ಪುಟ್ಟ ಚರ್ಮದ ಉಂಡೆಗಳನ್ನು ಬೆಳೆಸಿತು. ಅದರಲ್ಲಿ ಕೂದಲು, ಎಣ್ಣೆ ಗ್ರಂಥಿ, ನರ, ಕೊಬ್ಬು ಎಲ್ಲ ಇತ್ತು. ಉಂಡೆ ಒಳಹೊರಗಾಗಿ ಬೆಳೆಯುತ್ತದೆ. ಮೇಲ್ಪದರ ಒಳಗೆ, ಕೂದಲ ಬುಡಗಳು ಹೊರಕ್ಕೆ ಚಾಚಿ. ಇಲಿಯ ಮೈಗೆ ಕಸಿ ಮಾಡಿದಾಗ ಕೂದಲು ಹೊರಗೆ ಬಂತು. ಅದ್ಭುತವೇ. ಆದರೆ ಮನುಷ್ಯರಿಗೆ ಕೊಡುವ ಚಿಕಿತ್ಸೆಯಾಗಿ ಅದು ಇನ್ನೂ ಬಂದಿಲ್ಲ. ಊರಿನ ಕ್ಲಿನಿಕ್ಕುಗಳಲ್ಲಿ ಮಾಡುವ ಹೇರ್ ಟ್ರಾನ್ಸ್‌ಪ್ಲಾಂಟ್ ಎಂದರೆ ಇರುವ ಕೂದಲ ಬುಡವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ನೆಡುವುದು. ಲ್ಯಾಬಿನಲ್ಲಿ ಬೆಳೆಸಿದ ಕೂದಲು ಕೊಡುತ್ತೇವೆ ಎಂದು ಯಾರಾದರೂ ಹಣ ಕೇಳಿದರೆ ದಯವಿಟ್ಟು ಕೊಡಬೇಡಿ.

ಉಳಿದದ್ದು

ಹುಡುಗನಿಗೆ ಮಾಡಿದ ಚಿಕಿತ್ಸೆ ಈಗ ಎಲ್ಲರಿಗೂ ಸಿಗುತ್ತದೆಯೇ ಎಂದರೆ, ಇಲ್ಲ. ಒಬ್ಬರ ಹಾಳೆ ಇನ್ನೊಬ್ಬರಿಗೆ ಆಗುವುದಿಲ್ಲ, ಪ್ರತಿ ರೋಗಿಗೂ ಮೊದಲಿನಿಂದ ಬೆಳೆಸಬೇಕು. ರೋಗಿಗಳ ಸಂಖ್ಯೆ ಕಡಿಮೆ, ಖರ್ಚು ಬಹಳ. ಮೊದೇನಾದಲ್ಲಿ ಈ ಕೆಲಸ ಮಾಡುತ್ತಿದ್ದ ಕಂಪನಿ 2022–23ರಲ್ಲಿ ಮುಚ್ಚುವ ಹಂತಕ್ಕೇ ಹೋಗಿ, ಇಟಲಿಯ ಒಂದು ಸಾರ್ವಜನಿಕ ಫೌಂಡೇಶನ್ ಕೈ ಹಿಡಿದ ಮೇಲೆ ಉಳಿಯಿತು. ಓದಿದಾಗ ನನಗೆ ನಿಜಕ್ಕೂ ಸಂಕಟವಾಯಿತು. ಇದೇ ಜಾತಿಯ ಬೇರೊಂದು ಕಾಯಿಲೆಗೆ, ಅಂದರೆ ಡಿಸ್ಟ್ರೋಫಿಕ್ ಬಗೆಗೆ, ರೋಗಿಯ ಕೋಶಗಳನ್ನೇ ತಿದ್ದಿ ಬೆಳೆಸಿದ ಹಾಳೆಗಳಿಗೆ ಅಮೆರಿಕ 2025ರ ಏಪ್ರಿಲ್‌ನಲ್ಲಿ ಅನುಮತಿ ಕೊಟ್ಟಿದೆ. ದಾರಿ ಮುಚ್ಚಿಲ್ಲ.

ಹುಡುಗನ ಮೈಯಲ್ಲಿ ಈಗ ಎರಡು ಚರ್ಮಗಳಿವೆ. ಕಸಿ ಮಾಡಿದ ಕಡೆ ಬಿದ್ದರೂ ತರಚಿದರೂ ಬೇರೆ ಮಕ್ಕಳಂತೆ ಮಾಯುತ್ತದೆ. ಕಸಿ ಮಾಡದೆ ಬಿಟ್ಟ ಸಣ್ಣ ಜಾಗಗಳಲ್ಲಿ, ಆ ಹಳೆಯ ಚರ್ಮದಲ್ಲಿ, 5 ವರ್ಷದ ನಂತರವೂ ಗುಳ್ಳೆ ಏಳುತ್ತಿತ್ತು.